ಕೊಲಾಬಾದ ಥರ್ಮಾಮೀಟರು, ಡೊಂಬಿವಲಿಯ ಬೆವರು

ಮೊನ್ನೆ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಊರಿಂದ ಅಕ್ಕನ ಫೋನು.

"ಏ ತಮ್ಮ, ಬೊಂಬಾಯಂಗೆ ಜೋರು ಮಳಿ ಅಂಬ್ರಲೆ. ಟೀವಿಯಂಗೆ ತೋರ್ಸ್ತಿದ್ರ್. ನಿಮ್ಗೆಲ್ಲ ಎಂತ ಆಯ್ಲ್ಯಲೆ?"

ಕಿಟಕಿಯಿಂದ ಹೊರಗೆ ನೋಡಿದೆ. ಒಂದು ಎಲೆ ಅಲ್ಲಾಡುತ್ತಿಲ್ಲ. ಫ್ಯಾನು ಐದರಲ್ಲಿ ತಿರುಗುತ್ತಿದೆ, ಬನಿಯನ್ನು ಮಾತ್ರ ಬೆನ್ನಿಗೆ ಅಂಟಿಕೊಂಡೇ ಇದೆ. ಇಲ್ಲಿ ಒಂದು ಹನಿಯೂ ಬಿದ್ದಿಲ್ಲ ಮಾರಾಯ್ತಿ ಅಂದರೆ ಅವಳಿಗೆ ನಂಬಿಕೆಯಿಲ್ಲ. ಗಾಬರಿಯಾಗಬಾರದು ಅಂತ ಸುಳ್ಳು ಹೇಳ್ತಿದ್ದೀಯ ಅಂತ ನನ್ನನ್ನೇ ಬೈದು ಫೋನಿಟ್ಟಳು.

ಅದಾಗಿ ನಾಲ್ಕನೇ ದಿನ ಸಂಜೆ ನಮ್ಮ ಡೊಂಬಿವಲಿಯಲ್ಲಿ ಗುಡುಗು, ಮಿಂಚು, ಒಂದು ಗಂಟೆ ಮಳೆ. ಪಕ್ಕದ ಕಟ್ಟಡದ ತಗಡು ಹಾರಿ ನಮ್ಮ ಕಾಂಪೌಂಡಿಗೆ ಬಂತು. ಕರೆಂಟು ಹೋಗಿ ರಾತ್ರಿ ಹನ್ನೊಂದಕ್ಕೆ ವಾಪಸು ಬಂತು. ಅವತ್ತು ಅಕ್ಕನ ಫೋನು ಬರಲಿಲ್ಲ. ಯಾಕೆಂದರೆ ಅವತ್ತು ಟೀವಿಯ ಪ್ರಕಾರ ಬೊಂಬಾಯಿಯಲ್ಲಿ ಒಣ ಹವೆ!

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ ನೋಡಿ.

ನಾನು ಈ ಕಡೆಗೆ ಬಂದು ಮೂವತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಬೆಳಿಗ್ಗೆ ಪೇಪರಿನಲ್ಲಿ, ರೇಡಿಯೋದಲ್ಲಿ, ಆಮೇಲೆ ಟೀವಿಯಲ್ಲಿ, ಈಗ ಮೊಬೈಲಿನಲ್ಲಿ ಮುಂಬಯಿಯ ಹವಾಮಾನ ಅಂತ ಓದಿದ್ದೇ ಓದಿದ್ದು. ಅದು ಎಲ್ಲಿಯ ಹವಾಮಾನ ಅಂತ ಕೇಳುವ ಬುದ್ಧಿ ಬಂದದ್ದು ಮಾತ್ರ ಬಹಳ ತಡವಾಗಿ. ಅದು ಎರಡು ಜಾಗದ ಹವಾಮಾನ. ಒಂದು ಕೊಲಾಬಾ, ಇನ್ನೊಂದು ಸಾಂತಾಕ್ರೂಜ್. ಕೊಲಾಬಾ ಅಂದರೆ ಮೂರು ಕಡೆ ನೀರಿರುವ ನೆಲದ ತುದಿ. ಅಲ್ಲಿಯ ವೀಕ್ಷಣಾಲಯವನ್ನು 1826ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕಟ್ಟಿದ್ದು. ಅವರಿಗೆ ಬೇಕಾಗಿದ್ದದ್ದು ಬಂದರಿಗೆ ಬರುವ ಹಡಗುಗಳ ಅನುಕೂಲ, ಗಡಿಯಾರದ ಲೆಕ್ಕ. ಆಗ ಡೊಂಬಿವಲಿ ಇದ್ದದ್ದು ಭತ್ತದ ಗದ್ದೆಯಾಗಿ. ಆದ್ದರಿಂದ ಕಂಪೆನಿಯವರ ಮೇಲೆ ನನಗೆ ಸಿಟ್ಟಿಲ್ಲ. ಸಾಂತಾಕ್ರೂಜಿನದ್ದು ವಿಮಾನ ನಿಲ್ದಾಣದ ಪಕ್ಕದ್ದು. ಹಡಗಿಗೊಂದು, ವಿಮಾನಕ್ಕೊಂದು ಆಯಿತು. ಲೋಕಲ್ ಟ್ರೈನಿಗೆ ಜೋತು ಬೀಳುವವರಿಗೆ?

ಕೊಲಾಬಾದ ಬಗ್ಗೆ ಇನ್ನೊಂದು ಕತೆಯಿದೆ. ಅಲ್ಲಿ ಹವಾಮಾನದ ಜೊತೆಗೆ ಭೂಮಿಯ ಅಯಸ್ಕಾಂತ ಶಕ್ತಿಯನ್ನೂ ಅಳೆಯುತ್ತಿದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮುಂಬಯಿಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ ಅಂತಾಯಿತು. ಕರೆಂಟಿನಿಂದ ಸೂಜಿ ಅಲುಗಾಡಿ ಲೆಕ್ಕ ತಪ್ಪುತ್ತದಲ್ಲ? ಅದಕ್ಕೆ ಆ ವಿಭಾಗವನ್ನೇ 1904ರಲ್ಲಿ ಸಮುದ್ರದಾಚೆ ಅಲಿಬಾಗಿಗೆ ಸಾಗಿಸಿದರು. ಒಂದು ಸೂಜಿಗೆ ತೊಂದರೆಯಾದೀತು ಅಂತ ಅಷ್ಟು ದೂರ ಹೋದವರು! 2011ರ ಜನಗಣತಿಯಲ್ಲೇ ಥಾಣೆ ನಗರದಲ್ಲಿ 18 ಲಕ್ಷ, ಕಲ್ಯಾಣ್-ಡೊಂಬಿವಲಿಯಲ್ಲಿ 12 ಲಕ್ಷ, ನವಿಮುಂಬಯಿಯಲ್ಲಿ 11 ಲಕ್ಷ ದಾಟಿ ಜನ ಇದ್ದರು. ಒಟ್ಟು ನಲವತ್ತೊಂದು ಲಕ್ಷದ ಮೇಲೆ. ಈಗ ಎಷ್ಟಾಗಿರಬಹುದೋ, ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್ ಹತ್ತಿದವರು ಅಂದಾಜು ಮಾಡಿ. ಇಷ್ಟು ಜನಕ್ಕೆ ಬೆಳಿಗ್ಗೆ ಎದ್ದರೆ ಓದಿ ಹೇಳುವುದು ಇವತ್ತಿಗೂ ಕೊಲಾಬಾದ ಲೆಕ್ಕ.

"ಅದರಲ್ಲೇನಿದೆ, ನಾಲ್ಕು ಮೈಲಿ ಆಚೀಚೆ ಹವಾಮಾನ ಬದಲಾಗುತ್ತದೆಯೇ?" ಅಂತ ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ಅವರಿಗೆ ಒಂದೇ ದಿನಾಂಕ ಹೇಳಿದೆ. 26 ಜುಲೈ 2005.

ಅವತ್ತು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ ಬಿದ್ದದ್ದು 944 ಮಿಲಿಮೀಟರ್. ಅದೇ 24 ಗಂಟೆಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಎಪ್ಪತ್ತರ ಚಿಲ್ಲರೆ. ಎರಡಕ್ಕೂ ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ನಾನು ಅವತ್ತು ಫೋರ್ಟಿನ ಆಫೀಸಿನಲ್ಲಿದ್ದೆ. ಅಲ್ಲಿ ಮಾಮೂಲಿ ಜುಲೈ ಮಳೆ ಅಷ್ಟೇ. ಮೂರು ಗಂಟೆಗೆ ಚಹಾ ಕುಡಿದು, ಇವತ್ತು ಬೇಗ ಮನೆ ಸೇರೋಣ ಅಂತ ಆರಾಮವಾಗಿ ಟ್ರೈನು ಹತ್ತಿದವನು ಸಯನ್ ಹತ್ತಿರ ಇಳಿದು, ಸೊಂಟದ ನೀರಿನಲ್ಲಿ ನಡೆದು, ಯಾರದ್ದೋ ಮನೆಯ ಮೆಟ್ಟಿಲಲ್ಲಿ ರಾತ್ರಿ ಕಳೆದು ಮರುದಿನ ಮಧ್ಯಾಹ್ನ ಡೊಂಬಿವಲಿ ಮುಟ್ಟಿದೆ. ಆ ಮನೆಯ ಗುಜರಾತಿ ಅಜ್ಜಿ ಕೊಟ್ಟ ಬಿಸಿ ಹಾಲು ಇವತ್ತಿಗೂ ನೆನಪಿದೆ. ಕಲ್ಯಾಣ್, ಬದ್ಲಾಪುರದ ಕಡೆ ಉಲ್ಹಾಸ್ ನದಿ ಉಕ್ಕಿ ಮನೆಗಳಿಗೆ ನುಗ್ಗಿತ್ತು. ನಮ್ಮ ಕಟ್ಟಡದ ಗ್ರೌಂಡ್ ಫ್ಲೋರಿನವರ ಅಕ್ಕಿ ಡಬ್ಬ ತೇಲುತ್ತಿತ್ತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಟೆರೇಸಿನಲ್ಲಿದ್ದಳು. ಫೋರ್ಟಿನ ಕಿಟಕಿಯಿಂದ ನೋಡಿ ಹವಾಮಾನ ತಿಳಿದುಕೊಂಡವನ ಗತಿ ಇದು.

ಕೊಲಾಬಾಕ್ಕೂ ಸಾಂತಾಕ್ರೂಜಿಗೂ ಇಷ್ಟು ವ್ಯತ್ಯಾಸ ಬರುವುದಾದರೆ, ಅದಕ್ಕೂ ಆಚೆ, ಕೊಲ್ಲಿ ದಾಟಿ, ಗುಡ್ಡ ದಾಟಿ ಇರುವ ನಮ್ಮದೇನು? ಕೊಲಾಬಾದಿಂದ ಡೊಂಬಿವಲಿಗೆ ಕಾಗೆ ಹಾರಿದರೂ ನಲವತ್ತೈದು ಕಿಲೋಮೀಟರು ಆಗುತ್ತದೆ.

ಮಳೆಗಾಲದಲ್ಲಾದರೂ ಪರವಾಗಿಲ್ಲ. ಜುಲೈಯಲ್ಲಿ ಮಳೆ ಬರುತ್ತದೆ ಅಂತ ಹೇಳಲು ಇಲಾಖೆ ಬೇಕಿಲ್ಲ, ಕೊಡೆ ಯಾವಾಗಲೂ ಚೀಲದಲ್ಲೇ ಇರುತ್ತದೆ. ನಮಗೆ ನಿಜವಾಗಿ ಮುನ್ಸೂಚನೆ ಬೇಕಾಗುವುದು ಅಕ್ಟೋಬರಿನ ವಾರಗಳಲ್ಲಿ. ಇಲ್ಲಿಯವರು ಅದಕ್ಕೊಂದು ಹೆಸರೇ ಇಟ್ಟಿದ್ದಾರೆ, ಅಕ್ಟೋಬರ್ ಹೀಟ್ ಅಂತ. ಮುಂಗಾರು ಮುಂಬಯಿಯಿಂದ ಹಿಂದೆ ಸರಿಯುವ ಸಾಮಾನ್ಯ ದಿನ ಮೊದಲು ಸೆಪ್ಟೆಂಬರ್ 29 ಅಂತಿತ್ತು. 2020ರಲ್ಲಿ ಹವಾಮಾನ ಇಲಾಖೆಯವರು ಅದನ್ನು ಅಕ್ಟೋಬರ್ 8ಕ್ಕೆ ಬದಲಾಯಿಸಿದರು. ಅಂದರೆ ನವರಾತ್ರಿ, ದಸರಾ, ದೀಪಾವಳಿಯ ತಯಾರಿ ಎಲ್ಲ ಈ ಹೋಗುವ ಮಳೆಯ ಬಾಲದಲ್ಲೇ ಸಿಕ್ಕಿಬೀಳುತ್ತವೆ. ನಮ್ಮಜ್ಜಿ ಹಸ್ತ, ಚಿತ್ತೆ, ಸ್ವಾತಿ ಅಂತ ಮಳೆ ನಕ್ಷತ್ರ ಎಣಿಸುತ್ತಿದ್ದಳು. ಪಕ್ಕದ ಮನೆಯ ಮರಾಠಿ ಕಾಕೂ ಕೂಡ ಹಸ್ತಾಚಾ ಪಾವೂಸ್ ಅನ್ನುತ್ತಾರೆ. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು. ಮಳೆ ಬಂದರೆ ನಕ್ಷತ್ರದ ಪುಣ್ಯ, ಬಾರದಿದ್ದರೆ ನಮ್ಮ ಕರ್ಮ. ಅಜ್ಜಿ ಯಾವತ್ತೂ ಅದನ್ನು ವಿಜ್ಞಾನ ಅಂತ ಹೇಳಿಕೊಳ್ಳಲಿಲ್ಲ ಬಿಡಿ.

ಅಕ್ಟೋಬರಿನಲ್ಲಿ ನಮ್ಮ ಕಡೆ ಏನಾಗುತ್ತದೆ ಅಂದರೆ, ಗಾಳಿ ತಿರುಗುತ್ತದೆ. ನಾಲ್ಕು ತಿಂಗಳು ಸಮುದ್ರದಿಂದ ಬಂದ ಗಾಳಿ ಈಗ ಬೆಳಿಗ್ಗೆ ಪೂರ್ವದಿಂದ, ಘಟ್ಟದ ಕಡೆಯ ಕಾದ ನೆಲದಿಂದ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ಅದನ್ನು ಹಿಂದಕ್ಕೆ ತಳ್ಳಬೇಕು. ಕೊಲಾಬಾಕ್ಕೆ ಅದು ಮೊದಲು ಮುಟ್ಟುತ್ತದೆ, ಥರ್ಮಾಮೀಟರು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಸಾಂತಾಕ್ರೂಜ್. ಥಾಣೆಗೆ ಬರಬೇಕಾದರೆ ಯೇವೂರಿನ ಗುಡ್ಡ ಅಡ್ಡ. ನವಿಮುಂಬಯಿಯವರಿಗೆ ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ, ನಡುವಿನ ಪಟ್ಟಿಯಲ್ಲಿ ಬಿಸಿ ಕೂತುಬಿಡುತ್ತದೆ. ಕಲ್ಯಾಣ್, ಡೊಂಬಿವಲಿಗೆ ಆ ಗಾಳಿ ಬಂದು ಮುಟ್ಟುವಾಗ ಸಾಯಂಕಾಲ. ಅಷ್ಟರಲ್ಲಿ ದಾರಿಯ ಕಾಂಕ್ರೀಟಿನ ಬಿಸಿಯನ್ನೆಲ್ಲ ಹೊತ್ತು ತಂದಿರುತ್ತದೆ. ಒಂದು ಕಾಲಕ್ಕೆ ನಮ್ಮ ಫಾಸ್ಟ್ ಲೋಕಲುಗಳು ಪಾರ್ಸಿಕ್ ಸುರಂಗದಲ್ಲಿ ಹೋಗುತ್ತಿದ್ದವು. ರಾತ್ರಿ ವಾಪಸು ಬರುವಾಗ ಕಣ್ಣು ಮುಚ್ಚಿ ನಿಂತವನಿಗೂ ಸುರಂಗ ದಾಟಿದ್ದು ಮುಖಕ್ಕೆ ಬಡಿಯುವ ಗಾಳಿಯಿಂದಲೇ ಗೊತ್ತಾಗುತ್ತಿತ್ತು. ಗುಡ್ಡದ ಈಚೆ ಬೇರೆ, ಆಚೆ ಬೇರೆ. ಮೂವತ್ತು ವರ್ಷ ಆ ಟ್ರೈನಿನಲ್ಲಿ ಓಡಾಡಿದ ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಿದ್ದ.

ಮಳೆಯೂ ಹಾಗೆಯೇ. ಹಗಲೆಲ್ಲ ಕಾದ ನೆಲ, ಗಾಳಿಯಲ್ಲಿ ಇನ್ನೂ ಉಳಿದ ತೇವ, ಎದುರುಬದುರಾಗುವ ಎರಡು ಗಾಳಿ. ಮಧ್ಯಾಹ್ನ ಮುರಬಾಡ, ಮಾಳಶೇಜ್, ಕರ್ಜತ್ ಕಡೆ ಸಹ್ಯಾದ್ರಿಯ ಮೇಲೆ ಮೋಡ ಎದ್ದು ನಿಲ್ಲುತ್ತದೆ. ಸಂಜೆ ಪೂರ್ವದ ಗಾಳಿಗೆ ಪಶ್ಚಿಮಕ್ಕೆ ಜಾರುತ್ತದೆ. ಬದ್ಲಾಪುರ, ಅಂಬರನಾಥ, ಕಲ್ಯಾಣಿನಲ್ಲಿ ಸುರಿದು, ಗುಡುಗಿ, ಥಾಣೆ ದಾಟುವಷ್ಟರಲ್ಲಿ ಎಷ್ಟೋ ಸಲ ಅದರ ಜೀವ ಮುಗಿದಿರುತ್ತದೆ. ಕೊಲಾಬಾದವರಿಗೆ ದೂರದಲ್ಲಿ ಮಿಂಚು ಕಂಡರೆ ಹೆಚ್ಚು. ಮರುದಿನದ ಲೆಕ್ಕದಲ್ಲಿ ಮಳೆ ಸೊನ್ನೆ.

ಇದರಿಂದ ಯಾರಿಗೆ ಏನು ನಷ್ಟ ಅಂತೀರಾ? ಹೇಳುತ್ತೇನೆ.

ಬೈಂದೂರು ಕಡೆಯ ನನ್ನ ಪರಿಚಯದವರೊಬ್ಬರು ಕಲ್ಯಾಣಿನಲ್ಲಿ ಕೇಟರಿಂಗ್ ಮಾಡುತ್ತಾರೆ. ಹಿಂದಿನ ವರ್ಷ ನವರಾತ್ರಿ ಮುಗಿದ ಮೇಲೆ ಒಂದು ಮೈದಾನದಲ್ಲಿ ಮುನ್ನೂರು ಎಲೆಯ ಊಟ. ಬೆಳಿಗ್ಗೆ ನೋಡಿದರೆ ಮುಂಬಯಿಯಲ್ಲಿ ನಿರಭ್ರ ಆಕಾಶ. ತಗಡಿನ ಚಪ್ಪರಕ್ಕೆ ಇನ್ನಷ್ಟು ಖರ್ಚು ಯಾಕೆ ಅಂತ ಬಟ್ಟೆಯ ಶಾಮಿಯಾನ ಹಾಕಿಸಿದರು. ಸಂಜೆ ಏಳೂವರೆಗೆ ಗಾಳಿ ಬಂತು ನೋಡಿ, ಶಾಮಿಯಾನ ಸಾಂಬಾರಿನ ಕಡಾಯಿಯ ಮೇಲೆಯೇ ಕೂತಿತು. ಕೆಲಸದ ಹುಡುಗನೊಬ್ಬನ ಕೈ ಸುಟ್ಟಿತು. ಪಾರ್ಟಿಯವರು ಅರ್ಧ ದುಡ್ಡು ಕೊಟ್ಟರು, ಇವರು ಹುಡುಗನ ಆಸ್ಪತ್ರೆ ಖರ್ಚು ಕೊಟ್ಟರು. "ಮುನ್ಸೂಚನೆ ತಪ್ಪಿರಲಿಲ್ಲ ಮಾರಾಯ್ರೆ" ಅಂತ ಅವರೇ ನಗುತ್ತಾ ಹೇಳಿದರು. "ಮುಂಬಯಿಯಲ್ಲಿ ಅವತ್ತು ಮಳೆ ಬರಲೇ ಇಲ್ಲ!"

ಇನ್ನೊಂದು. ನಮ್ಮ ಕಟ್ಟಡದ ಕೆಳಗೆ ಪೈಪು ಹಾಕಲು ರಸ್ತೆ ಅಗೆಯುತ್ತಿದ್ದರು. ಅಗೆಯುವವರೆಲ್ಲ ವಿಜಾಪುರ, ಯಾದಗಿರಿ ಕಡೆಯವರು. ನಮ್ಮವರೇ. ಈ ಊರಿನ ರಸ್ತೆ, ಗಟಾರ ಎಲ್ಲ ಅವರ ಕೈಯಲ್ಲೇ ಆದದ್ದು. ಅಕ್ಟೋಬರಿನ ಒಂದು ಮಧ್ಯಾಹ್ನ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ತಲೆ ತಿರುಗಿ ಬಿದ್ದಳು. ಮೆಟ್ಟಿಲ ನೆರಳಿಗೆ ತಂದು, ನೀರು ಚಿಮುಕಿಸಿ, ಹೆಂಡತಿ ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಿದಳು. ನಿಮ್ಮೂರಿನಲ್ಲಿ ಇದಕ್ಕಿಂತ ಹೆಚ್ಚು ಬಿಸಿಲಲ್ವೇನಮ್ಮಾ ಅಂತ ಕೇಳಿದೆ. "ಬಿಸಲು ನಮ್ಮೂರಾಗ ಭಾಳ ಐತ್ರಿ ಅಣ್ಣಾರ. ಆದ್ರ ಅಲ್ಲಿ ಬೆವರು ಆರ್ತೈತಿ. ಇಲ್ಲಿ ಆರಂಗೇ ಇಲ್ಲರೀ" ಅಂದಳು.

ಒಂದು ವಾಕ್ಯದಲ್ಲಿ ಆಕೆ ಹೇಳಿದ್ದನ್ನು ನಮ್ಮ ಮುನ್ಸೂಚನೆಗಳು ಹೇಳುವುದಿಲ್ಲ. ಬೆವರು ಆರಿದರೆ ಮೈ ತಣಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ. ವಿಜಾಪುರದ ಒಣ 38ಕ್ಕಿಂತ ನಮ್ಮ ಒದ್ದೆ 36 ಕೆಟ್ಟದ್ದು. ಬಿಸಿಗಾಳಿ ಅಂತ ಇಲಾಖೆ ಘೋಷಿಸಬೇಕಾದರೆ ಕರಾವಳಿಯಲ್ಲಿ 37 ಡಿಗ್ರಿ ಆಗಬೇಕು, ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಆ ಲೆಕ್ಕದಲ್ಲಿ ತೇವಕ್ಕೆ ಜಾಗವಿಲ್ಲ. ಕೊಲಾಬಾದಲ್ಲಿ 34 ಅಂತ ತೋರಿಸಿದ ದಿನ ಮುಕಾದಮನಿಗೆ ಕೆಲಸ ನಿಲ್ಲಿಸು ಅಂತ ಹೇಳಲು ನನ್ನ ಹತ್ತಿರ ಯಾವ ಆಧಾರವಿತ್ತು? ಮೊಬೈಲು ತೆಗೆದು ಅವನೇ ನನಗೆ ತೋರಿಸಿದ. "ಬಘಾ ಸಾಹೇಬ್, ಚೌತೀಸ್." ಅರ್ಧ ಗಂಟೆಯಲ್ಲಿ ಆಕೆ ಮತ್ತೆ ಬುಟ್ಟಿ ಹೊತ್ತಳು.

ಇದು ಸಣ್ಣ ವಿಷಯ ಅಂತ ಅನಿಸಿದರೆ ಖಾರ್ಘರ್ ನೆನಪು ಮಾಡಿಕೊಳ್ಳಿ. 16 ಏಪ್ರಿಲ್ 2023. ಮಹಾರಾಷ್ಟ್ರ ಭೂಷಣ ಪ್ರಶಸ್ತಿಯ ಸಮಾರಂಭ, ಬಯಲಿನಲ್ಲಿ ಲಕ್ಷಗಟ್ಟಲೆ ಜನ, ನೆತ್ತಿಯ ಮೇಲೆ ಸೂರ್ಯ. ಸರಕಾರದ ಲೆಕ್ಕದಲ್ಲೇ 14 ಜನ ಸತ್ತರು. ಅಲ್ಲಿ ತಪ್ಪು ನೆರಳು ಹಾಕದವರದ್ದೂ ಹೌದು, ಹೊತ್ತು ನಿಶ್ಚಯಿಸಿದವರದ್ದೂ ಹೌದು, ಅದನ್ನು ಮುನ್ಸೂಚನೆಯ ತಲೆಗೆ ಕಟ್ಟುವುದಿಲ್ಲ. ಆದರೆ ಒಂದು ಗಮನಿಸಿ. ವಾಶಿ, ನೆರೂಲ್ ಇರುವುದು ಥಾಣೆ ಜಿಲ್ಲೆಯಲ್ಲಿ. ಖಾರ್ಘರ್, ಪನವೇಲ್ ಇರುವುದು ರಾಯಗಡ ಜಿಲ್ಲೆಯಲ್ಲಿ. ಎರಡೂ ನವಿಮುಂಬಯಿಯೇ, ಒಂದೇ ರೈಲು ಸಾಲು. ಆದರೆ ಮುನ್ಸೂಚನೆ ಬರುವುದು ಜಿಲ್ಲೆಯ ಲೆಕ್ಕದಲ್ಲಿ. ಖಾರ್ಘರಿನವರ ಹಣೆಬರಹ ಅಲಿಬಾಗಿನ ಸಮುದ್ರದಂಡೆಯ ಜೊತೆ, ಮಹಾಡದ ಘಟ್ಟದ ಬುಡದ ಜೊತೆ ಸೇರಿಕೊಂಡಿದೆ. ನಮ್ಮದು? ಮೀರಾ-ಭಾಯಂದರಿನ ಕಡಲಂಚಿನಿಂದ ಶಹಾಪುರದ ಕಾಡು, ಮುರಬಾಡದ ಘಟ್ಟದವರೆಗೆ ಒಂದೇ ಬಣ್ಣ. ಹಸಿರು, ಹಳದಿ, ಕಿತ್ತಳೆ, ಕೆಂಪು. ಮೋಡಕ್ಕೆ ಕಂದಾಯ ಇಲಾಖೆಯ ನಕ್ಷೆ ಓದಲು ಬರುತ್ತದೆ ಅಂತ ಇವರಿಗೆ ಯಾರು ಹೇಳಿದರೋ!

ಆ ಬಣ್ಣದ ಜೊತೆ ಒಂದು ಸಾಲು ಇರುತ್ತದೆ ನೋಡಿ, "ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ". ಊರಲ್ಲಿ ಆಕಾಶವಾಣಿಯಲ್ಲೂ ಇದನ್ನೇ ಕೇಳಿ ಬೆಳೆದವರು ನಾವು. ಇದು ಬಾಯಿಗೆ ಬಂದ ಮಾತಲ್ಲ, ಅದಕ್ಕೊಂದು ಲೆಕ್ಕವಿದೆ. ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ಕೆಲವು ಕಡೆ ಅಂದರೆ 26ರಿಂದ 50. ಹಲವು ಕಡೆ 51ರಿಂದ 75. ಅದಕ್ಕಿಂತ ಮೇಲಾದರೆ ಬಹುತೇಕ ಕಡೆ. ಶಾಸ್ತ್ರಬದ್ಧವಾಗಿಯೇ ಇದೆ, ಒಪ್ಪಿದೆ. ಆದರೆ ಶಹಾಪುರದಲ್ಲಿ ಒಂದು ಕಡೆ ಮಳೆ ಬಂದರೂ ಈ ವಾಕ್ಯ ಸರಿ, ಡೊಂಬಿವಲಿಯಲ್ಲಿ ಮಾತ್ರ ಬಂದರೂ ಸರಿ. ಯಾವತ್ತೂ ತಪ್ಪಾಗಲಾರದ ಮಾತನ್ನು ನಮ್ಮೂರಲ್ಲಿ ಜ್ಯೋತಿಷಿಗಳು ಹೇಳುತ್ತಾರೆ. ಅವರಿಗೆ ದಕ್ಷಿಣೆ ಕೊಡುವುದು ನಮ್ಮ ಇಷ್ಟ. ಇಲ್ಲಿ ತೆರಿಗೆ ಕಡ್ಡಾಯ.

2025ರ ಅಕ್ಟೋಬರ್ ಮೊದಲ ವಾರ ಏನಾಯಿತು? ಅರಬ್ಬಿ ಸಮುದ್ರದಲ್ಲಿ ಶಕ್ತಿ ಅನ್ನುವ ಚಂಡಮಾರುತ ಎದ್ದಿತು. ಮುಂಬಯಿ, ಥಾಣೆ, ಪಾಲ್ಘರ್, ರಾಯಗಡ ಎಲ್ಲಕ್ಕೂ ಸೇರಿಸಿ ಎಚ್ಚರಿಕೆ ಅಂತ ಟೀವಿಯಲ್ಲಿ ಕೆಂಪಕ್ಷರ. ಅದು ಕರಾವಳಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ಹೋಯಿತು. ನಮ್ಮ ಕಟ್ಟಡದ ವಾಟ್ಸಪ್ಪಿನಲ್ಲಿ ಎರಡು ದಿನ ಮೇಣದಬತ್ತಿ, ಬ್ಯಾಟರಿ, ಬಿಸ್ಕೀಟಿನ ಪಟ್ಟಿ ಓಡಾಡಿತು. ಸುಮ್ಮನೆ ಹೆದರಿಸಿದರು ಅಂತ ನಾನು ಹೇಳುವುದಿಲ್ಲ. ಸಮುದ್ರದ ಮೇಲಿನ ಚಂಡಮಾರುತಕ್ಕೆ ಎಚ್ಚರಿಕೆ ಕೊಟ್ಟು ಅದು ಬಾರದೆ ಹೋದರೆ ನಮಗೆ ಲಾಭವೇ. ನನ್ನ ಸಂಕಟ ಬೇರೆ. ದೊಡ್ಡ ಹೆಸರಿನದ್ದು ಬರುವಾಗ ಇಡೀ ಕರಾವಳಿಗೆ ಡಂಗುರ. ಹೆಸರಿಲ್ಲದ ನಮ್ಮ ಸಂಜೆಯ ಗುಡುಗಿಗೆ ಒಂದು ಸಾಲೂ ಇಲ್ಲ.

ಮೊಬೈಲು ಇದೆಯಲ್ಲ ಅಂಕಲ್ ಅಂತ ಮಗನ ಸ್ನೇಹಿತರು ನಗುತ್ತಾರೆ. ನಿಜ, ಮೊಬೈಲಿನಲ್ಲಿ ಡೊಂಬಿವಲಿ ಅಂತ ಹೆಸರು ಬರುತ್ತದೆ, ಪಕ್ಕದಲ್ಲಿ ಒಂದು ಮೋಡದ ಚಿತ್ರ, ಡಿಗ್ರಿ. ಆದರೆ ಆ ಡಿಗ್ರಿಯನ್ನು ಡೊಂಬಿವಲಿಯಲ್ಲಿ ಯಾರೋ ಅಳೆದಿದ್ದಾರೆ ಅಂತ ತಿಳಿಯಬೇಡಿ. ಜಗತ್ತನ್ನೆಲ್ಲ ಚೌಕ ಚೌಕ ಮಾಡಿ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಯೂರೋಪಿನವರ ಚೌಕ ಸುಮಾರು 9 ಕಿಲೋಮೀಟರಿನದ್ದು, ಅಮೆರಿಕದವರದ್ದು 13ರ ಆಸುಪಾಸು. ನಮ್ಮವರು 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟಿಂಗ್ ಸಿಸ್ಟಮ್ ಅಂತ 6 ಕಿಲೋಮೀಟರಿನದ್ದು ಶುರು ಮಾಡಿದರು. ಸಂತೋಷ. ಆದರೆ ಸಂಜೆಯ ಗುಡುಗಿನ ಮೋಡ ಆ ಚೌಕಕ್ಕಿಂತ ಚಿಕ್ಕದಿರಬಹುದು. ಅದು ಎಲ್ಲಿ ಎದ್ದೀತು ಅಂತ ಮೂರು ದಿನ ಮೊದಲು ಹೇಳಲು ಯಾವ ದೇಶದವರಿಗೂ ಸಾಧ್ಯವಿಲ್ಲ, ಅದು ನನಗೂ ಗೊತ್ತು. ಅದನ್ನು ನಾನು ಕೇಳುತ್ತಲೂ ಇಲ್ಲ.

ನಾನು ಕೇಳುವುದು ಎದ್ದ ಮೇಲಿನ ಮಾತು. ಮುರಬಾಡದ ಮೇಲೆ ನಾಲ್ಕು ಗಂಟೆಗೆ ಮೋಡ ಎದ್ದರೆ ಕಾಣುವುದಿಲ್ಲವೇ? ಕೊಲಾಬಾದಲ್ಲಿ 2010ರಿಂದ ಡಾಪ್ಲರ್ ರಾಡಾರ್ ಇದೆ. ಜೋಗೇಶ್ವರಿ ಹತ್ತಿರದ ವೆರಾವಳಿಯಲ್ಲಿ ಎರಡನೆಯದ್ದು 2022ರ ಜನವರಿಯಲ್ಲಿ ಬಂತು. ರಾಡಾರಿಗೆ ನಮ್ಮ ಮೋಡ ಕಾಣುತ್ತದೆ. ಸಿಡಿಲಿಗೆ ಪುಣೆಯವರು ಮಾಡಿದ ದಾಮಿನಿ ಆಪ್ ಇದೆ, ಇಪ್ಪತ್ತು ನಲವತ್ತು ಕಿಲೋಮೀಟರಿನೊಳಗೆ ಸಿಡಿಲು ಬೀಳುತ್ತಿದ್ದರೆ ಹೇಳುತ್ತದೆ. ಅಂದರೆ ಕಣ್ಣಿದೆ, ಬಾಯಿ ಇಲ್ಲ. "ಥಾಣೆ ಜಿಲ್ಲೆಯಲ್ಲಿ ಮುಂದಿನ ಮೂರು ಗಂಟೆಯಲ್ಲಿ" ಅನ್ನುವ ಬದಲು "ಐದೂವರೆಗೆ ಬದ್ಲಾಪುರ, ಆರೂವರೆ ಏಳಕ್ಕೆ ಕಲ್ಯಾಣ್, ಡೊಂಬಿವಲಿ" ಅಂತ ಹೇಳಿದರೆ ನಮ್ಮ ಕೇಟರಿಂಗಿನವರು ಒಲೆ ಆರಿಸಿ, ಹುಡುಗರನ್ನು ಒಳಗೆ ಕರೆಯುತ್ತಿದ್ದರು. ತಪ್ಪಾದರೆ ತಪ್ಪಾಗಲಿ. ಹತ್ತರಲ್ಲಿ ಮೂರು ತಪ್ಪಾದರೂ ಏಳು ಕೈ ಉಳಿಯುತ್ತವೆ.

ಮುಂಬಯಿಯವರಿಗೆ ಅಷ್ಟು ಮಾಡಿಕೊಟ್ಟಿದ್ದಾರೆ ಕೂಡ. 2005ರಿಂದ ಪಾಠ ಕಲಿತು 2020ರ ಜೂನಿನಲ್ಲಿ ಐಫ್ಲೋಸ್ ಅನ್ನುವ ನೆರೆ ಮುನ್ನೆಚ್ಚರಿಕೆ ವ್ಯವಸ್ಥೆ ತಂದರು. ಮಹಾನಗರಪಾಲಿಕೆಯ ವಾರ್ಡು ವಾರ್ಡಿನ ಲೆಕ್ಕ. ಆದರೆ ಅದು ಪಾಲಿಕೆಯ ಗಡಿಯ ಮಟ್ಟಿಗೆ. ಮುಲುಂಡ್ ಚೆಕ್‌ನಾಕಾ ದಾಟಿ ಥಾಣೆಗೆ ಕಾಲಿಟ್ಟರೆ ನೀವು ಯಾರೋ, ನಾವು ಯಾರೋ.

ಈಗ ಊರಿನ ಮಾತು. ಕರ್ನಾಟಕವನ್ನು ಹೊಗಳಿದರೆ ಇಲ್ಲಿದ್ದು ಅಲ್ಲಿಯ ಜಪ ಅಂತಾರೆ. ಆದರೂ ಹೇಳುತ್ತೇನೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಅಂತ ಬೆಂಗಳೂರಿನಲ್ಲಿ ಶುರುವಾದ ಒಂದು ಚಿಕ್ಕ ಕೋಶ ಇವತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಆರು ಸಾವಿರದಷ್ಟು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ, ಹದಿನೈದು ನಿಮಿಷಕ್ಕೊಮ್ಮೆ. ಹೋಬಳಿಗೊಂದು ಹವಾಮಾನ ಕೇಂದ್ರ. ವರುಣ ಮಿತ್ರ ಅಂತ ಫೋನಿನ ಸಹಾಯವಾಣಿ, ರೈತ ಕರೆ ಮಾಡಿ ನಮ್ಮೂರಿಗೆ ಮಳೆ ಉಂಟಾ ಅಂತ ಕೇಳಬಹುದು. ಅಕ್ಕ ನನಗೆ ಫೋನು ಮಾಡಿ ತನ್ನ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಿಲಿಮೀಟರು ಅಂತ ಹೇಳಬಲ್ಲಳು. ಹನ್ನೆರಡು ಲಕ್ಷ ಜನರ ಕಲ್ಯಾಣ್-ಡೊಂಬಿವಲಿಯಲ್ಲಿ ಕೂತ ನಾನು ಹೇಳಲಾರೆ.

ಮಹಾರಾಷ್ಟ್ರದಲ್ಲಿ ಯಂತ್ರಗಳೇ ಇಲ್ಲ ಅಂತಲ್ಲ. 2017ರಲ್ಲಿ ಬಂದ ಮಹಾವೇಧ್ ಯೋಜನೆಯಲ್ಲಿ ಕಂದಾಯ ವೃತ್ತಕ್ಕೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಕೇಂದ್ರ ಹಾಕಿದರು. ಅದು ಬೆಳೆಗೆ, ಬೆಳೆ ವಿಮೆಗೆ. ನಗರಪಾಲಿಕೆಗಳೂ ಮಳೆ ಅಳೆಯುತ್ತವೆ, ನವಿಮುಂಬಯಿಯವರದ್ದು ಪೇಪರಿನಲ್ಲಿ ಬರುತ್ತದೆ, ಬೇಲಾಪುರ ಇಷ್ಟು, ಐರೋಲಿ ಇಷ್ಟು ಅಂತ. ಬಿದ್ದ ಮಳೆಯ ಲೆಕ್ಕ, ಮರುದಿನ. ಇವುಗಳನ್ನೆಲ್ಲ ಒಂದು ಕಡೆ ಸೇರಿಸಿ, ಗಂಟೆಗಂಟೆಗೆ, ತಾಪದ ಜೊತೆ ತೇವವನ್ನೂ ಸೇರಿಸಿ, ಊರಿನ ಹೆಸರು ಹೇಳಿ ಓದಲು ಏನು ಅಡ್ಡಿ? ಹೊಸ ರಾಕೆಟ್ಟು ಹಾರಿಸಬೇಕಾಗಿಲ್ಲ.

ಅಡ್ಡಿ ಏನು ಅಂತ ನನಗೆ ಅನಿಸಿದ್ದನ್ನೂ ಹೇಳಿಬಿಡುತ್ತೇನೆ, ಯಾರಿಗೆ ಬೇಜಾರಾದರೂ ಸರಿ. ಅಡ್ಡಿ ನಾವೇ. ನಾವು ಕೇಳಿಲ್ಲ. ಮೂವತ್ತೆಂಟು ವರ್ಷ ಊರಿಗೆ ಹೋದಾಗೆಲ್ಲ ನಾನು ಬೊಂಬಾಯಿಯವ. ಮದುವೆ ಕಾಗದದಲ್ಲಿ ಮುಂಬಯಿ, ಶ್ರಾದ್ಧದ ಕಾಗದದಲ್ಲಿ ಮುಂಬಯಿ. ಡೊಂಬಿವಲಿ ಅಂದರೆ ಮರ್ಯಾದೆ ಸ್ವಲ್ಪ ಕಡಿಮೆ ಅಂತ ನಮಗೇ ಒಳಗೊಳಗೆ ಅನಿಸಿಕೆ. ಆಗುಂಬೆಯಲ್ಲಿ ಎಷ್ಟು ಮಳೆಯಾಯಿತು ಅಂತ ನಮ್ಮವರಿಗೆ ಗೊತ್ತು, ಉಲ್ಹಾಸ್ ನದಿ ಎಲ್ಲಿ ಹುಟ್ಟುತ್ತದೆ ಅಂತ ಕೇಳಿ ನೋಡಿ. ಸಂಘದ ದಸರಾ ಕಾರ್ಯಕ್ರಮದಲ್ಲಿ ಊರಿನ ಸೇತುವೆಗೆ ಮನವಿ ಬರೆದು ಸಹಿ ಹಾಕುತ್ತೇವೆ. ಇಲ್ಲಿಯ ನಗರಪಾಲಿಕೆಗೆ ಬರೆದ ಒಂದು ಕಾಗದ ನನಗೆ ನೆನಪಿಲ್ಲ. ನಾನೂ ಬರೆದಿರಲಿಲ್ಲ.

ಮುಂಬಯಿ ನಮ್ಮನ್ನು ತನ್ನವರು ಅಂತ ಎಣಿಸಿತೇ? ಇಪ್ಪತ್ತು ವರ್ಷದ ಹಿಂದಿನ ಲೋಡ್ ಶೆಡ್ಡಿಂಗ್ ನೆನಪಿದೆಯೇ? ಮುಂಬಯಿ ನಗರದಲ್ಲಿ ದೀಪ ಆರುತ್ತಿರಲಿಲ್ಲ. ನಮಗೆ ದಿನಾ ಗಂಟೆಗಟ್ಟಲೆ ಕತ್ತಲೆ, ಅದೇ ಅಕ್ಟೋಬರಿನ ಸೆಕೆಯಲ್ಲಿ. ಮಕ್ಕಳು ಪರೀಕ್ಷೆಗೆ ಓದುತ್ತಿದ್ದರೆ ಹೆಂಡತಿ ಬೀಸಣಿಗೆ ಬೀಸುತ್ತಿದ್ದಳು. ಅವರ ಕರೆಂಟು ನಮಗೆ ಕೊಡಲಿಲ್ಲ, ಅವರ ಹವಾಮಾನ ಮಾತ್ರ ಧಾರಾಳವಾಗಿ ಕೊಟ್ಟರು!

ಈ ವಾರ ಎರಡು ಕೆಲಸ ಮಾಡಿದೆ. ಒಂದು, ಹವಾಮಾನ ಇಲಾಖೆಯ ಕೊಲಾಬಾ ಕಚೇರಿಗೂ ನಮ್ಮ ನಗರಪಾಲಿಕೆಗೂ ಒಂದೊಂದು ಕಾಗದ ಬರೆದು ರಿಜಿಸ್ಟರ್ ಮಾಡಿದೆ. ಕಲ್ಯಾಣ್, ಡೊಂಬಿವಲಿ, ಥಾಣೆ, ನವಿಮುಂಬಯಿಗೆ ಬೇರೆ ಬೇರೆಯಾಗಿ ಹೇಳಿ, ತೇವವನ್ನೂ ಹೇಳಿ, ಹೊತ್ತನ್ನೂ ಹೇಳಿ ಅಂತ. ಸಂಘದ ಹಿರಿಯರಿಗೆ ಸಹಿ ಹಾಕಿ ಅಂದರೆ ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದರು. ಮುಂದಿನ ಮೀಟಿಂಗು ಡಿಸೆಂಬರಿನಲ್ಲಿ, ಆಗ ಎಲ್ಲರೂ ಸ್ವೆಟರು ಹಾಕಿಕೊಂಡು ಬರುತ್ತಾರೆ. ಎರಡನೆಯದು, ಸ್ಟೇಷನ್ ಹತ್ತಿರದ ಅಂಗಡಿಯಿಂದ ಥರ್ಮಾಮೀಟರು ತಂದು ಬಾಲ್ಕನಿಯ ನೆರಳಿನಲ್ಲಿ ನೇತು ಹಾಕಿದೆ. ತೇವವನ್ನೂ ತೋರಿಸುವಂಥದ್ದು. ಮಧ್ಯಾಹ್ನ ಮೂರು ಗಂಟೆಯ ಲೆಕ್ಕವನ್ನು ಕೆಳಗಿನ ನೋಟೀಸು ಬೋರ್ಡಿನಲ್ಲಿ ಬರೆಯುತ್ತಿದ್ದೇನೆ. ಶಾಸ್ತ್ರದ ಪ್ರಕಾರ ಬಾಲ್ಕನಿಯ ಲೆಕ್ಕ ಲೆಕ್ಕವಲ್ಲ, ಗೊತ್ತು. ಆದರೂ ಮುಕಾದಮ ನಿನ್ನೆ ಬಂದು ಓದಿದ. ಏನೂ ಹೇಳಲಿಲ್ಲ. ಎರಡು ಗಂಟೆಗೆ ಶುರುವಾಗಬೇಕಿದ್ದ ಕೆಲಸ ಇವತ್ತು ನಾಲ್ಕಕ್ಕೆ ಶುರುವಾಯಿತು.

ಇದನ್ನು ಬರೆಯುತ್ತಿರುವಾಗ ಪಕ್ಕದ ಕಾಕೂ ಗ್ಯಾಲರಿಯಿಂದ ಕೂಗುತ್ತಿದ್ದಾರೆ. ಆಗ್ನೇಯಕ್ಕೆ ಮಲಂಗಗಡ ಕಪ್ಪಾಗಿದೆಯಂತೆ, ಒಣಗಿಸಿದ ಬಟ್ಟೆ ಒಳಗೆ ತೆಗೆದುಕೊಳ್ಳಬೇಕಂತೆ. ಮೊಬೈಲು ನೋಡಿದೆ. ಮುಂಬಯಿ, ನಿರಭ್ರ ಆಕಾಶ. ಬಟ್ಟೆ ತೆಗೆದುಕೊಂಡು ಬರುತ್ತೇನೆ.